ಎಣ್ಣೆ ಹಚ್ಚಿಟ್ಟ ಕತ್ತಿ

ಕಾಪು
11-3-1979

ತಮ್ಮ ಅಣ್ಣುವಿಗೆ ಅಕ್ಕ ಸುಗಂಧಿಯ ಆಶೀರ್ವಾದ.

ಇವತ್ತು ಭಾನುವಾರ ಅಲ್ಲವಾ, ನಿನ್ನನ್ನು ನೋಡಲು ಬುತ್ತಿ ಕಟ್ಟಿಕೊಂಡು ಜೈಲಿಗೆ ಬಂದಿದ್ದೆ. ಬಾಗಿಲಲ್ಲಿ ನಿಂತ ಪೊಲೀಸನು ‘ಅಣ್ಣು ಪೂಜಾರಿ ಇಲ್ಲಿ ಇಲ್ಲ, ಇಲ್ಲಿ ಜಾಗ ಇಲ್ಲ ಅಂತ ಹದಿನೈದು ಜನರನ್ನು ಘಟ್ಟದ ಮೇಲಿನ ದೊಡ್ಡ ಜೈಲಿಗೆ ಕಳಿಸಿ ಆಯ್ತು’ ಎಂದ. ಮನುಷ್ಯನನ್ನು ಅಕ್ಕಿ ಮುಡಿಯ ಹಾಗೆ ಲಾರಿಗೆ ಹಾಕಿ ಕಳಿಸುವುದಾ? ಅಕ್ಕನಿಗೆ ಒಂದು ಮಾತು ಹೇಳುವುದು ಬೇಡವಾ? ನನಗೆ ಬಂದ ಸಿಟ್ಟಿಗೆ ಬುತ್ತಿಯನ್ನು ಅವನ ಕೈಗೇ ಕೊಟ್ಟು, ತಿನ್ನು ಎಂದು ಹೇಳಿ ಬಂದೆ. ಅವನು ತೆಗೆದುಕೊಂಡ.

ನಮ್ಮಿಬ್ಬರೊಳಗೆ ಹುಟ್ಟಿದಂದಿನಿಂದ ತುಳು ಬಿಟ್ಟು ಬೇರೆ ಮಾತಿಲ್ಲ. ಈಗ ಕಾಗದ ಬರೆಯಲು ಕೂತರೆ ಕನ್ನಡ. ಇನ್ಸ್‌ಪೆಕ್ಟರು ಬಂದ ದಿನ ಶಾಲೆಯಲ್ಲಿ ಎದ್ದು ನಿಂತು ಪಾಠ ಒಪ್ಪಿಸಿದ ಹಾಗೆ ಆಗುತ್ತದೆ. ನಗಬೇಡ. ಐದನೇ ಕ್ಲಾಸಿನವರೆಗೆ ನಾನೇ ಮೊದಲು ಬರುತ್ತಿದ್ದದ್ದು.

ನಿನ್ನ ಕತ್ತಿಯನ್ನು ಕೋರ್ಟಿನಿಂದ ಬಿಡಿಸಿಕೊಂಡು ಬಂದಿದ್ದೇನೆ. ಆ ದಿನ ಪೊಲೀಸರು ಅದನ್ನು ಮೇಜಿನ ಮೇಲೆ ಇಟ್ಟಾಗ ನಾನು ದೇವರಿಗೆ ಹರಕೆ ಹೇಳಿಕೊಂಡಿದ್ದೆ. ನ್ಯಾಯಾಧೀಶರು ನಮ್ಮ ಊರ ಕಡೆಯವರಾದದ್ದು ಪುಣ್ಯ. ‘ಇದು ಮೂರ್ತೆಯವನ ಕತ್ತಿ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವವನ ಸೊಂಟದಲ್ಲಿ ಇದು ಇರದೆ ಮತ್ತೆಂತ ಇರ್ತದೆ’ ಎಂದು ಬದಿಗೆ ಸರಿಸಿದರಲ್ಲ. ಬಳೆ ಕದ್ದದ್ದಕ್ಕೆ ಮಾತ್ರ ಐದು ವರ್ಷ. ಕದ್ದದ್ದು ತಪ್ಪೇ. ನಾನು ಇಲ್ಲ ಎನ್ನುವುದಿಲ್ಲ. ಆದರೆ ಯಾರ ಮೈ ಮುಟ್ಟಿದ್ದೀ ನೀನು?

ಪ್ರತಿ ಶನಿವಾರ ಕತ್ತಿಗೆ ತೆಂಗಿನೆಣ್ಣೆ ಹಚ್ಚಿ ಇಡುತ್ತಿದ್ದೇನೆ. ಮಗಳು ಮನೋರಮಾ ಅಜೆಕಾರಿನಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಅಲ್ಲಿಯವರೆಲ್ಲ ಸೋದರಮಾವ ಹೇಗಿದ್ದಾರೆ ಎಂದು ವಿಚಾರಿಸುತ್ತಾರೆ.

ಅಕ್ಕ
ಸುಗಂಧಿ

---

2-4-1979

ಅಕ್ಕನ ಪಾದಗಳಿಗೆ ಅಣ್ಣು ಮಾಡುವ ನಮಸ್ಕಾರ.

ನಿನ್ನ ಕಾಗದ ಸಿಕ್ಕಿತು. ನಾನು ಚೆನ್ನಾಗಿದ್ದೇನೆ. ಇಲ್ಲಿ ತುಂಬಾ ಜನ ಇದ್ದಾರೆ, ಆದ್ದರಿಂದ ಬೇಸರ ಎಂಬುದಿಲ್ಲ. ನಮ್ಮೂರ ಹತ್ತಿರದ ಶಂಕರಪುರದ ರೇಮಂಡ್ ಎಂಬವರು ನನ್ನ ಪಕ್ಕದಲ್ಲೇ ಇದ್ದಾರೆ. ಯಾವುದೋ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು, ದೊಡ್ಡವರ ಸಹಿಯನ್ನು ತಾವೇ ಹಾಕಿ ಇಲ್ಲಿಗೆ ಬಂದರಂತೆ. ತುಳು ಮಾತಾಡುತ್ತಾರೆ. ಮೊದಲ ದಿನ ‘ಊಟ ಆಯ್ತಾ ಮಾರಾಯ’ ಎಂದು ತುಳುವಿನಲ್ಲಿ ಕೇಳಿದಾಗ ನನಗೆ ಅಳು ಬಂತು. ಅವರಿಗೂ ಬಂತು.

ಇಲ್ಲಿ ತೆಂಗಿನ ಮರ ಇಲ್ಲ. ಅಂಗಳದಲ್ಲಿ ಒಂದು ಬೇವಿನ ಮರ ಉಂಟು, ಅದನ್ನು ಹತ್ತಲು ಯಾರೂ ಬಿಡುವುದಿಲ್ಲ. ಊರಲ್ಲಿ ತೆಂಗಿನ ಮರದ ತುದಿಯಲ್ಲಿ ಕೂತರೆ ನಮ್ಮ ದೀಪಸ್ತಂಭ ಕಾಣುತ್ತಿತ್ತು, ಅದರಾಚೆ ಸಮುದ್ರ. ದಿನಕ್ಕೆ ಎರಡು ಸಲ ನೋಡುತ್ತಿದ್ದೆ, ಅದು ದೊಡ್ಡದು ಎಂದು ಆಗ ಅನಿಸಿರಲಿಲ್ಲ.

ನೀನು ಬಸ್ಸಿನಲ್ಲಿ ಇಲ್ಲಿಯವರೆಗೆ ಬರುವುದು ಬೇಡ. ಒಂದು ದಿನದಲ್ಲಿ ಮುಗಿಯುವ ದಾರಿಯಲ್ಲ. ಬೀಡಿ ಕೆಲಸ ಬಿಟ್ಟು ಬಂದರೆ ನಿನಗೆ ತೊಂದರೆ.

ಕತ್ತಿಯ ಅಲಗಿಗೆ ಮಾತ್ರ ಎಣ್ಣೆ ಹಚ್ಚು. ಹಿಡಿಗೆ ತಾಗಿಸಬೇಡ, ಕೈ ಜಾರುತ್ತದೆ.

ನಿನ್ನ ತಮ್ಮ
ಅಣ್ಣು

---

ಕಾಪು
22-6-1980

ಪ್ರೀತಿಯ ಅಣ್ಣು,

ಎರಡು ತಿಂಗಳಿಂದ ನಿನ್ನ ಅಕ್ಷರ ಕಾಣಲಿಲ್ಲ. ಜನ ತುಂಬಾ ಇದ್ದಾರೆ ಎಂದು ಬರೆದಿದ್ದೆಯಲ್ಲ, ಪಟ್ಟಾಂಗ ಹೊಡೆಯುತ್ತಾ ಅಕ್ಕನನ್ನು ಮರೆತೆ ಎಂದು ತಿಳಿದುಕೊಂಡೆ. ಇರಲಿ. ಇವತ್ತು ನಿನ್ನನ್ನು ಬೈಯುವುದಿಲ್ಲ, ಒಳ್ಳೆಯ ಸುದ್ದಿ ಉಂಟು.

ನಮ್ಮ ಸರ್ವೋತ್ತಮ ಮಾಸ್ಟ್ರು ಗೊತ್ತಲ್ಲ? ಮಣಿಪಾಲದಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ, ಶನಿವಾರ ಭಾನುವಾರ ಇಲ್ಲಿ ತಾಯಿಯ ಮನೆಗೆ ಬರುವವರು. ಅವರು ಪೇಪರಿನಲ್ಲಿ ದೊಡ್ಡ ಲೇಖನ ಬರೆದಿದ್ದಾರೆ. ಹೊಡೆಯದ, ಬಡಿಯದ, ಯಾರ ಮೈಯಿಂದಲೂ ರಕ್ತ ತೆಗೆಯದ ಮನುಷ್ಯರನ್ನು ಗೋಡೆಯೊಳಗೆ ತುಂಬಿಸಿ ಇಟ್ಟುಕೊಳ್ಳುವುದು ಸರಕಾರದ ಕೆಲಸವಲ್ಲ, ಬಾಗಿಲು ತೆಗೆಯಿರಿ, ಅವರು ತಮ್ಮ ದಾರಿ ತಾವೇ ನೋಡಿಕೊಳ್ಳುತ್ತಾರೆ ಎಂದು. ಸರಕಾರ ಎಷ್ಟು ಕಡಿಮೆ ಕೈ ಹಾಕುತ್ತದೋ ಅಷ್ಟು ಒಳ್ಳೆಯದಂತೆ. ಎಲ್ಲವನ್ನೂ ಅದರಷ್ಟಕ್ಕೆ ಬಿಡಬೇಕಂತೆ. ಅವರ ಹಿತ್ತಿಲನ್ನು ನೋಡಿದರೆ ಮಾತು ನಿಜ ಎಂದು ತಿಳಿಯುತ್ತದೆ, ಅದರಷ್ಟಕ್ಕೆ ಬಿಟ್ಟು ಕಾಡಾಗಿದೆ. ಆದರೆ ಲೇಖನವನ್ನು ಮೂರು ಸಲ ಓದಿದೆ. ಇಷ್ಟು ದಿನದಲ್ಲಿ ನಿನ್ನ ಪರವಾಗಿ ಮಾತಾಡಿದ ಮೊದಲನೆಯ ಮನುಷ್ಯ ಅವರು, ನಿನ್ನ ಹೆಸರು ಗೊತ್ತಿಲ್ಲದೆಯೇ.

ಅದಾಗಿ ಹದಿನೈದು ದಿನಕ್ಕೆ ಸರಿಯಾಗಿ ಪೊಲೀಸರ ಕೈಯಲ್ಲಿ ಒಂದು ಫಾರಂ ಬಂತು. ಜೈಲುಗಳಲ್ಲಿ ಜಾಗ ಇಲ್ಲದ್ದರಿಂದ ಹಿಂಸೆ ಮಾಡದ ಕೈದಿಗಳನ್ನು ಆಗಸ್ಟ್ ಹದಿನೈದಕ್ಕೆ ಬಿಡುತ್ತಾರಂತೆ. ನಿನ್ನ ಹೆಸರು ಪಟ್ಟಿಯಲ್ಲಿ ಉಂಟು! ಕೈದಿಯ ನಡತೆ ಹೇಗೆ, ಬಿಟ್ಟ ಮೇಲೆ ಹೇಗೆ ಜೀವನ ಮಾಡುತ್ತಾನೆ ಎಂದು ಮನೆಯವರು ಬರೆದು ಕೊಡಬೇಕು. ನಾನು ಫಾರಂ ಹಿಡಿದುಕೊಂಡು ಮಾಸ್ಟ್ರ ಮನೆಗೆ ಓಡಿದೆ. ‘ಮಾಸ್ಟ್ರೇ, ನೀವೇ ಬರೆದು ಕೊಡಿ’ ಎಂದೆ.

‘ನಾನು ಕೈ ಹಾಕಿದರೆ ಅದು ಮಾಸ್ಟ್ರ ಕಾಗದ ಆಗ್ತದೆ ಮಾರಾಯ್ತಿ. ಅಂಥದ್ದು ಆಫೀಸಿನಲ್ಲಿ ನೂರು ಉಂಟು. ನಿನ್ನ ಮಾತು ನಿನ್ನದೇ ಆಗಿ ಹೋಗಲಿ, ನೀನೇ ಬರಿ’ ಎಂದರು.

ಅವರ ಜಗಲಿಯಲ್ಲೇ ಕೂತು ಬರೆದೆ. ಉದ್ಯೋಗ ಎಂಬ ಜಾಗದಲ್ಲಿ ‘ಕುಲಕಸುಬು’ ಎಂದು ಹಾಕಿದೆ. ಕೆಳಗೆ ಬರೆದದ್ದನ್ನು ನಿನಗೂ ನಕಲು ಮಾಡಿ ಕಳಿಸುತ್ತೇನೆ, ಓದು.

‘ಸ್ವಾಮಿ, ನನ್ನ ತಮ್ಮ ಕೆಲಸವಿಲ್ಲದೆ ತಿರುಗುವವನಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಅವನ ಸೊಂಟದಿಂದ ಕತ್ತಿ ಇಳಿದದ್ದಿಲ್ಲ. ಊಟಕ್ಕೆ ಕೂತಾಗ ಸಹ ಅದು ಸೊಂಟದಲ್ಲೇ ಇರುತ್ತಿತ್ತು. ಕತ್ತಿ ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರು ಕಾಪುವಿನಲ್ಲಿ ಇಲ್ಲ ಎಂದು ಊರವರೆಲ್ಲ ಹೇಳುತ್ತಾರೆ. ಅವನು ಜೈಲಿಗೆ ಹೋದ ಮೇಲೂ ಪ್ರತಿ ಶನಿವಾರ ಆ ಕತ್ತಿಗೆ ಎಣ್ಣೆ ಹಚ್ಚಿ ಹರಿತವಾಗಿ ಇಟ್ಟಿದ್ದೇನೆ. ಬಿಡುಗಡೆಯಾಗಿ ಬಂದ ದಿನವೇ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಡುತ್ತಾನೆ. ಅವನ ಜೀವನದ ಬಗ್ಗೆ ಸರಕಾರಕ್ಕೆ ಚಿಂತೆ ಬೇಡ.’

ಮಾಸ್ಟ್ರು ಓದಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ‘ಒಂದು ಅಕ್ಷರ ಮುಟ್ಟಬೇಡ. ಹೀಗೇ ಹೋಗಲಿ’ ಎಂದರು. ನಾನೇ ಪೋಸ್ಟಿಗೆ ಹಾಕಿ ಬಂದೆ.

ಅಣ್ಣು, ಆಗಸ್ಟ್ ಹದಿನೈದು! ಗದ್ದೆಯ ಅಂಚಿನ ನಾಲ್ಕು ಮರಗಳನ್ನು ನಿನಗೆಂದು ಹೇಳಿ ಇಟ್ಟಿದ್ದೇನೆ.

ನಿನ್ನ ಅಕ್ಕ
ಸುಗಂಧಿ

---

17-8-1980

ಅಕ್ಕಾ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ರೇಮಂಡ್ ಬಿಟ್ಟು ಹೋದ ಪುಸ್ತಕದ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಆಫೀಸಿನವರು ಓದುವುದಿಲ್ಲ, ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು.

ಮೊನ್ನೆ ಮೂವತ್ತೊಂದು ಜನ ಹೊರಗೆ ಹೋದರು. ರೇಮಂಡ್ ಹೋದರು. ನನ್ನ ಹೆಸರು ಕರೆಯಲಿಲ್ಲ. ಅದರ ಹಿಂದಿನ ಸಂಜೆಯೇ ಜೈಲಿನ ಸಾಹೇಬರು ಆಫೀಸಿಗೆ ಕರೆಸಿ ಒಂದು ಚೀಟಿ ಓದಿ ಹೇಳಿದ್ದರು. ನಕಲನ್ನು ನನಗೆ ಕೊಟ್ಟಿದ್ದಾರೆ. ‘ಸದರಿ ಕೈದಿಯು ಬಾಲ್ಯದಿಂದಲೂ ಆಯುಧಧಾರಿಯಾಗಿದ್ದು, ಆಯುಧ ಬಳಕೆಯಲ್ಲಿ ಊರಿನಲ್ಲಿ ಹೆಸರಾಗಿರುತ್ತಾನೆ. ಇದು ಅವನ ಕುಲಕಸುಬಾಗಿರುತ್ತದೆ. ಬಿಡುಗಡೆಯ ದಿನವೇ ಧರಿಸುವ ಸಲುವಾಗಿ ಮನೆಯಲ್ಲಿ ಆಯುಧವನ್ನು ಹರಿತಗೊಳಿಸಿ ಇರಿಸಿದೆ ಎಂದು ಸ್ವಂತ ಸಹೋದರಿಯೇ ತಿಳಿಸಿರುತ್ತಾಳೆ. ಅಹಿಂಸಾತ್ಮಕ ಕೈದಿಗಳ ಪಟ್ಟಿಗೆ ಅರ್ಹನಲ್ಲ.’

ಮೊದಲು ನನಗೆ ನಗು ಬಂತು ಅಕ್ಕಾ. ನಿಜವಾಗಿ ನಕ್ಕೆ. ಆಮೇಲೆ ಸಾಹೇಬರಿಗೆ ಹೇಳಿದೆ, ಅದು ತೆಂಗಿನ ಹೊಂಬಾಳೆ ಕೊಯ್ಯುವ ಕತ್ತಿ ಸ್ವಾಮಿ, ಅಕ್ಕ ನನ್ನನ್ನು ಹೊಗಳಿ ಬರೆದದ್ದು ಎಂದು. ಅವರಿಗೆ ಅರ್ಥವಾಯಿತು. ಒಳ್ಳೆಯ ಮನುಷ್ಯ. ‘ಏನು ಮಾಡಲಪ್ಪಾ, ಪಟ್ಟಿ ನೋಡೋರು ಬೆಂಗಳೂರಲ್ಲಿದ್ದಾರೆ. ಅವರು ನಿನ್ನ ಮುಖ ನೋಡಲ್ಲ, ಕಾಗದ ನೋಡ್ತಾರೆ’ ಎಂದರು.

ಇಲ್ಲಿ ನಲವತ್ತು ಜನರ ಕೋಣೆಯಲ್ಲಿ ನೂರ ಹದಿನಾರು ಜನ ಇದ್ದೆವು. ಅಂಗಾತ ಮಲಗಲು ಜಾಗವಿಲ್ಲ, ಒಂದು ಮಗ್ಗುಲಲ್ಲಿ ಮಲಗಬೇಕು. ಒಬ್ಬ ಹೊರಳಿದರೆ ಸಾಲಿನವರೆಲ್ಲ ಹೊರಳಬೇಕು. ಅರ್ಧ ಜನ ಮಲಗುವಾಗ ಅರ್ಧ ಜನ ಗೋಡೆಗೆ ಒರಗಿ ಕೂತುಕೊಳ್ಳುತ್ತೇವೆ. ನನ್ನ ಜಾಗ ಮೋರಿಯ ಬದಿಯಲ್ಲಿ. ಕೆಮ್ಮು ಹಿಡಿದು ನಾಲ್ಕು ತಿಂಗಳಾಯಿತು. ನಿನಗೆ ಕಾಗದ ಬರೆಯದೆ ಇದ್ದದ್ದು ಅದಕ್ಕೇ, ಪಟ್ಟಾಂಗ ಹೊಡೆದುಕೊಂಡು ಅಲ್ಲ.

ಮನೋರಮಾಳ ಮದುವೆಯ ದಿನ ಸೋದರಮಾವ ಬರಿಗೈಯಲ್ಲಿ ನಿಲ್ಲಬಾರದು ಎಂದು ಆ ಎರಡು ಬಳೆಗೆ ಕೈ ಹಾಕಿದೆ. ಆ ಮನೆಯ ತೆಂಗಿನ ಮರ ಹತ್ತಿ ಇಳಿದವನು, ಕಿಟಕಿ ತೆರೆದಿತ್ತು. ಅದು ನನ್ನ ತಪ್ಪು, ಅದಕ್ಕೆ ನಾನಿಲ್ಲಿ ಇದ್ದೇನೆ. ಅಮ್ಮ ಹೋದ ಮೇಲೆ ನನಗೆ ಅನ್ನ ಕಲಸಿ ಕೊಟ್ಟ ಕೈ ನಿನ್ನದು. ಆ ಕೈಯಿಂದಲೇ ನನ್ನ ಬಾಗಿಲು ಮುಚ್ಚಿತು ಎಂದು ನಿನಗೆ ಗೊತ್ತಾಗಬಾರದು. ಗೊತ್ತಾದರೆ ನೀನು ಬದುಕುವುದಿಲ್ಲ. ಹೊರಡುವ ಮೊದಲು ರೇಮಂಡ್ ಹತ್ತಿರವೂ ಆಣೆ ಹಾಕಿಸಿಕೊಂಡೆ.

ಐದು ವರ್ಷದಲ್ಲಿ ಎರಡು ವರ್ಷ ಮುಗಿದೇ ಹೋಯಿತು. ಉಳಿದದ್ದು ಎಷ್ಟು ಮಹಾ.

ಅಣ್ಣು

---

17-8-1980

ಅಕ್ಕನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಈ ಸಲ ಬಿಡುಗಡೆ ಆಗಲಿಲ್ಲ. ಸರಕಾರದವರು ಪಟ್ಟಿಯನ್ನು ಅರ್ಧಕ್ಕೇ ನಿಲ್ಲಿಸಿದರಂತೆ, ರೇಮಂಡರ ಹೆಸರು ಮೇಲೆ ಇದ್ದದ್ದರಿಂದ ಅವರು ಹೋದರು. ನಿನ್ನ ಕಾಗದವನ್ನು ಸಾಹೇಬರು ಓದಿ ತುಂಬಾ ಮೆಚ್ಚಿದರು. ಇಂಥ ಅಕ್ಕ ಇರುವುದು ನಿನ್ನ ಭಾಗ್ಯ ಎಂದರು. ನೀನು ಬೇಸರ ಮಾಡಬೇಡ. ಗದ್ದೆಯ ಅಂಚಿನ ಮರಗಳನ್ನು ಬೇರೆಯವರಿಗೆ ಕೊಡು, ಸುಮ್ಮನೆ ಬಿಟ್ಟರೆ ಹಾಳು.

ಅಣ್ಣು

---

ಕಾಪು
14-9-1980

ಪ್ರೀತಿಯ ಅಣ್ಣು,

ಹದಿನೈದರಿಂದ ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ನಿನ್ನ ಕಾಗದ ಬಂದ ಮೇಲೆ ಹೋಗುವುದು ಬಿಟ್ಟೆ. ಅರ್ಧ ಬಡಿಸಿ ಎಲೆ ಎಳೆಯುವುದು ಎಂದರೆ ಇದು. ಮಾಸ್ಟ್ರಿಗೆ ಹೇಳಿದಾಗ ಅವರಿಗೂ ಸಿಟ್ಟು ಬಂತು, ಪೇಪರಿಗೆ ಇನ್ನೊಂದು ಲೇಖನ ಬರೆದರು.

ರೇಮಂಡ್ ಬಂದಿದ್ದರು. ಒಂದು ಚೆಂಡು ಮಲ್ಲಿಗೆ ತಂದಿದ್ದರು, ಅವರ ಮನೆಯಲ್ಲೇ ಬೆಳೆದದ್ದು. ತುಂಬಾ ಹೊತ್ತು ಕೂತರು, ಆದರೆ ಮಾತು ಕಡಿಮೆ. ಅಣ್ಣು ಹೇಗಿದ್ದಾನೆ ಎಂದರೆ ‘ಗಟ್ಟಿ ಇದ್ದಾನೆ’ ಎಂದರು. ನನ್ನ ಕಾಗದ ಎಲ್ಲರೂ ಮೆಚ್ಚಿದರಂತಲ್ಲ ಎಂದು ಕೇಳಿದಾಗ ಎದ್ದು ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಪಾಪ, ಜೈಲಿನ ನೆನಪು ಆಗಿರಬೇಕು.

ಸಾಹೇಬರು ಮೆಚ್ಚಿದರು ಎಂದು ಬರೆದೆಯಲ್ಲ, ಆ ಸಾಲನ್ನು ಮನೋರಮಾಳಿಗೂ ಓದಿ ಹೇಳಿದೆ. ಕಾಗದದ ನಕಲನ್ನು ಜೋಪಾನವಾಗಿ ಇಟ್ಟಿದ್ದೇನೆ.

ಅಕ್ಕ

---

6-5-1981

ಅಕ್ಕನಿಗೆ ಅಣ್ಣುವಿನ ನಮಸ್ಕಾರ.

ಇಲ್ಲಿ ಈಗ ಇನ್ನೂ ಜನ ಹೆಚ್ಚಾಗಿದ್ದಾರೆ. ಈ ವರ್ಷವೂ ಆಗಸ್ಟಿಗೆ ಪಟ್ಟಿ ಮಾಡುತ್ತಾರಂತೆ. ಸಾಹೇಬರು ನನ್ನ ಹೆಸರನ್ನು ತಾವೇ ಮತ್ತೆ ಸೇರಿಸಿದ್ದಾರೆ. ನಿನಗೆ ಫಾರಂ ಬರಬಹುದು. ಬಂದರೆ ಈ ಸಲ ಉದ್ದ ಬರೆಯಬೇಡ. ಅಕ್ಕನ ಜೊತೆ ಇರುತ್ತಾನೆ, ಒಳ್ಳೆಯ ಹುಡುಗ ಎಂದು ಎರಡು ಸಾಲು ಸಾಕು. ನನ್ನ ಕೆಲಸದ ಬಗ್ಗೆ, ಕತ್ತಿ ಗಿತ್ತಿ ಎಲ್ಲ ಬರೆಯುವುದು ಬೇಡ. ದೊಡ್ಡವರಿಗೆ ಅಷ್ಟೆಲ್ಲ ಓದಲು ಪುರುಸೊತ್ತು ಇರುವುದಿಲ್ಲ.

ಸ್ವಲ್ಪ ಚಳಿಯಾಗಿ ಗಂಟಲು ಕಟ್ಟಿದೆ, ಬೇರೇನಿಲ್ಲ.

ಅಣ್ಣು

---

ಕಾಪು
13-6-1981

ಪ್ರೀತಿಯ ಅಣ್ಣು,

ನಿನ್ನ ನಾಚಿಕೆ ಇನ್ನೂ ಹೋಗಲಿಲ್ಲವಾ! ಚಿಕ್ಕಂದಿನಲ್ಲಿಯೂ ಹಾಗೇ. ಯಾರಾದರೂ ಹೊಗಳಿದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಎರಡು ಸಾಲು ಬರೆದರೆ ಅವರಿಗೆ ಎಂತ ಗೊತ್ತಾಗುತ್ತದೆ? ಒಳ್ಳೆಯ ಹುಡುಗ ಎಂದು ಎಲ್ಲರೂ ತಮ್ಮವರ ಬಗ್ಗೆ ಬರೆಯುತ್ತಾರೆ. ಕಳ್ಳನಿಗೂ ಒಬ್ಬ ಅಕ್ಕ ಇರುತ್ತಾಳಲ್ಲ. (ಬೇಸರ ಮಾಡಬೇಡ, ನಗಲಿ ಎಂದು ಬರೆದೆ.) ಹೋದ ಸಲ ಸಾಹೇಬರು ಮೆಚ್ಚಿದ ಕಾಗದವನ್ನೇ ಈ ಸಲವೂ ಬರೆದಿದ್ದೇನೆ, ಒಂದು ಅಕ್ಷರ ಬಿಡದೆ. ಕೆಳಗೆ ಇನ್ನೂ ಸ್ವಲ್ಪ ಸೇರಿಸಿದೆ. ಕಮ್ಮಾರನಿಗೆ ಹೇಳಿ ಕತ್ತಿಯ ಬಾಯಿ ಹೊಸತಾಗಿ ಮಾಡಿಸಿದ್ದೇನೆ, ಕೂದಲು ಹಿಡಿದರೆ ತುಂಡಾಗುತ್ತದೆ, ಅವನು ಬರುವುದನ್ನೇ ಊರಿನವರೆಲ್ಲ ಕಾಯುತ್ತಿದ್ದಾರೆ ಎಂದು.

ಮಾಸ್ಟ್ರು ಈ ಸಲವೂ ಓದಿದರು. ‘ಹೋದ ವರ್ಷಕ್ಕಿಂತ ಇದೇ ಗಟ್ಟಿ ಉಂಟು’ ಎಂದರು.

ಮನೋರಮಾಳಿಗೆ ಗಂಡು ಮಗು. ಅಜೆಕಾರಿನವರು ಮಾವ ಬಂದು ಮಗುವನ್ನು ನೋಡಲಿ ಎಂದು ಪದೇ ಪದೇ ಹೇಳುತ್ತಾರೆ. ಆಗಸ್ಟಿಗೆ ಬರುತ್ತಾನೆ ಎಂದು ಹೇಳಿ ಬಂದಿದ್ದೇನೆ. ಮಗುವಿನ ಮೂಗು ನಿನ್ನದೇ.

ಗಂಟಲಿಗೆ ಕಾಳುಮೆಣಸು ಸಿಕ್ಕಿದರೆ ಅಗಿದು ನೋಡು.

ಅಕ್ಕ

---

30-8-1981

ಅಕ್ಕಾ,

ಈ ಸಲವೂ ಆಗಲಿಲ್ಲ. ಸರಕಾರದ ಕೆಲಸ ಹಾಗೆಯೇ. ನಿನ್ನ ಕಾಗದ ಚೆನ್ನಾಗಿತ್ತು.

ಈಗ ನನ್ನನ್ನು ಆಸ್ಪತ್ರೆಯ ಕೋಣೆಗೆ ಹಾಕಿದ್ದಾರೆ. ಇಲ್ಲಿ ಅಂಗಾತ ಮಲಗಲು ಜಾಗ ಉಂಟು. ಕಿಟಕಿಯಿಂದ ಬೇವಿನ ಮರದ ತುದಿ ಕಾಣುತ್ತದೆ. ಮಗುವಿಗೆ ಏನು ಹೆಸರು ಇಟ್ಟರು ಎಂದು ಬರೆ.

ಅಣ್ಣು

---

ಕಾಪು
20-12-1981

ಅಣ್ಣು,

ಮೂರು ಕಾಗದ ಹಾಕಿದೆ, ಒಂದಕ್ಕೂ ಉತ್ತರ ಇಲ್ಲ. ಮಗುವಿಗೆ ಅನಂತ ಎಂದು ಹೆಸರಿಟ್ಟರು ಎಂದು ಮೂರರಲ್ಲೂ ಬರೆದಿದ್ದೇನೆ. ಆಸ್ಪತ್ರೆಯ ಕೋಣೆ ಎಂದರೆ ಎಂತ? ಗಂಟಲು ಕಟ್ಟಿದವನಿಗೆ ಆಸ್ಪತ್ರೆ ಯಾಕೆ? ನೀನು ಬೇಡ ಎಂದರೂ ಜನವರಿಯಲ್ಲಿ ಬರುತ್ತೇನೆ. ರೇಮಂಡ್ ಜೊತೆಗೆ ಬರುತ್ತೇನೆ ಎಂದಿದ್ದಾರೆ. ನೀನು ಬೈದರೆ ಎದುರು ನಿಂತು ಬೈ, ಕೇಳಿಸಿಕೊಳ್ಳುತ್ತೇನೆ.

ಅಕ್ಕ

---

ಕಾಪು
9-4-1983

ಅಣ್ಣು,

ಇವತ್ತು ನಿನ್ನ ಐದು ವರ್ಷ ಮುಗಿಯುವ ದಿನ. ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಇಟ್ಟಿದ್ದೆ. ಯಾವ ಪಟ್ಟಿಯೂ ಬೇಡ, ಯಾರ ಕಾಗದವೂ ಬೇಡ, ಇವತ್ತು ನಿನ್ನನ್ನು ಬಿಡಲೇಬೇಕಿತ್ತು. ಈ ಕಾಗದವನ್ನು ಯಾವ ಡಬ್ಬಿಗೆ ಹಾಕುವುದೆಂದು ಗೊತ್ತಿಲ್ಲ. ಆದರೂ ಬರೆಯುತ್ತೇನೆ.

ಹೋದ ವರ್ಷ ಜನವರಿ ನಾಲ್ಕಕ್ಕೆ ನಾನು ಮತ್ತು ರೇಮಂಡ್ ಅಲ್ಲಿಗೆ ಮುಟ್ಟಿದಾಗ ನೀನು ಹೋಗಿ ಐದು ದಿನ ಆಗಿತ್ತು. ತಂತಿ ಕೊಟ್ಟಿದ್ದೇವೆ ಎಂದರು. ನಾವು ಊರಿಗೆ ವಾಪಸು ಬಂದ ಮೇಲೆ ತಂತಿ ಬಂತು. ನಿನ್ನನ್ನು ಅಲ್ಲಿಯೇ ಸುಟ್ಟಿದ್ದರು. ಸಾಹೇಬರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಒಂದು ಗಂಟು ಕೊಟ್ಟರು. ಒಂದು ಪಂಚೆ, ನನ್ನ ಕಾಗದಗಳೆಲ್ಲ, ಅವುಗಳ ಕೆಳಗೆ ನೀನು ಕಳಿಸದ ಕಾಗದ, ಅದರೊಳಗೆ ‘ಅರ್ಹನಲ್ಲ’ ಎಂದು ಎರಡು ವರ್ಷವೂ ಬಂದ ಎರಡು ಚೀಟಿಗಳು. ಬಸ್ಸಿನಲ್ಲಿ ಓದಿದೆ. ರೇಮಂಡ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ‘ಆಣೆ ಹಾಕಿಸಿಕೊಂಡಿದ್ದ ಅಕ್ಕ, ನಾನು ಹೇಳಬೇಕಿತ್ತು, ಹೇಳಬೇಕಿತ್ತು’ ಎಂದು ಘಟ್ಟ ಇಳಿಯುವವರೆಗೂ ಹೇಳಿದರು.

ನನಗೆ ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ ಅಣ್ಣು. ಗೊತ್ತಾದರೆ ನಾನು ಬದುಕುವುದಿಲ್ಲ ಎಂದು ಬರೆದಿದ್ದೀ. ಈಗ ಗೊತ್ತಾಯಿತು, ಬದುಕಿಯೇ ಇದ್ದೇನೆ. ಊಟ ಮಾಡುತ್ತೇನೆ, ಬೀಡಿ ಕಟ್ಟುತ್ತೇನೆ. ನೀನು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅಕ್ಕಾ, ನಿನ್ನ ಕಾಗದದಿಂದ ಕೆಟ್ಟಿತು, ಬೇರೆ ಬರೆ ಎಂದು. ಎರಡು ದಿನ ಅತ್ತು ಮೂರನೆಯ ದಿನ ಬೇರೆ ಬರೆಯುತ್ತಿದ್ದೆ. ನನ್ನ ತಮ್ಮ ಜನ್ಮದಲ್ಲಿ ಕತ್ತಿ ಮುಟ್ಟಿದವನಲ್ಲ, ಅವನಿಗೆ ಮರ ಹತ್ತಲು ಬರುವುದಿಲ್ಲ, ಇರುವೆ ಕಂಡರೆ ದಾಟಿ ಹೋಗುತ್ತಾನೆ ಎಂದು ಹತ್ತು ಸುಳ್ಳು ಬರೆಯುತ್ತಿದ್ದೆ. ನೀನು ನನ್ನನ್ನು ಅಷ್ಟು ಮೆತ್ತಗೆ ಎಂದು ತಿಳಿದುಕೊಂಡೆಯಾ? ನೀನು ನನ್ನ ಮನಸ್ಸು ನೋಯದ ಹಾಗೆ ನೋಡಿಕೊಂಡೆ. ನಾನು ಎರಡನೆಯ ಸಲವೂ ಅದನ್ನೇ ಬರೆದೆ. ಕಮ್ಮಾರನ ವಿಷಯ ಬೇರೆ ಸೇರಿಸಿದೆ. ಆ ಎರಡನೆಯ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಹಾಕಿದ್ದು ಆ ಮಾತಿನ ಕೆಳಗೇ.

ಮಣಿಪಾಲಕ್ಕೆ ಹೋಗಿ ಮಾಸ್ಟ್ರಿಗೆ ಚೀಟಿ ತೋರಿಸಿದೆ. ‘ಎರಡು ಸಲ ಓದಿದೆನಲ್ಲ ಸುಗಂಧಿ, ನನಗೂ ಹೊಳೆಯಲಿಲ್ಲ. ನಾನೂ ಇದೇ ಊರಿನವ, ಕತ್ತಿ ಅಂದರೆ ನನಗೆ ತೆಂಗಿನ ಮರವೇ ಕಂಡದ್ದು’ ಎಂದರು. ನಾನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ‘ಎಲ್ಲವನ್ನೂ ಅದರಷ್ಟಕ್ಕೆ ಬಿಡಬೇಕು ಅಂತೀರಲ್ಲ ಮಾಸ್ಟ್ರೇ, ಸರಕಾರ ಕೈ ಹಾಕಬಾರದು ಸರಿ, ನೀವು ಒಂದು ಸಲ ಕೈ ಹಾಕಬಹುದಿತ್ತು. ನನ್ನ ಕಾಗದಕ್ಕೆ ಒಂದು ಗೆರೆ ಎಳೆಯಬಹುದಿತ್ತು.’ ಅವರು ಅತ್ತರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಿ ನನಗೆ ಸಮಾಧಾನ ಆಗಲಿಲ್ಲ, ಇನ್ನೂ ಸಂಕಟವಾಯಿತು. ಈಗಲೂ ಪೇಪರಿನಲ್ಲಿ ಬರೆಯುತ್ತಾರೆ. ಬಾಗಿಲು ತೆಗೆಯಿರಿ ಎನ್ನುವ ಮಾತು ತಪ್ಪಲ್ಲ. ಬಾಗಿಲವರೆಗೆ ಕೈ ಹಿಡಿದು ತರುವವರು ಒಬ್ಬರು ಬೇಕಿತ್ತು.

ನೀನೊಬ್ಬನೇ ಸುಳ್ಳು ಹೇಳಿದ್ದಲ್ಲ. ಅಜೆಕಾರಿನವರು ನಿನ್ನನ್ನು ವಿಚಾರಿಸುತ್ತಾರೆ ಎಂದು ಬರೆಯುತ್ತಿದ್ದೆನಲ್ಲ, ನೀನು ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದೀ ಎಂದು ಅವರಿಗೆ ಹೇಳಿದ್ದೆ. ಮಾವ ಬೊಂಬಾಯಿಂದ ಎಂತ ತರುತ್ತಾರೆ ಎಂದು ಕೇಳುತ್ತಿದ್ದರು. ನೀನು ಹೋದ ಮೇಲೆ ನಿಜ ಹೇಳಿದೆ. ಮನೋರಮಾಳ ಅತ್ತೆ ನನ್ನ ಕೈ ಹಿಡಿದುಕೊಂಡು, ‘ಮೊದಲೇ ಹೇಳಿದ್ದರೆ ಎಂತ ಆಗ್ತಿತ್ತು, ನಾವೂ ಹೋಗಿ ನೋಡಿ ಬರ್ತಿದ್ದೆವು’ ಎಂದರು. ಎಲ್ಲರೂ ಒಳ್ಳೆಯವರೇ ಅಣ್ಣು. ಅದೇ ನನಗೆ ತಡೆಯಲು ಆಗದೆ ಇರುವುದು.

ಇನ್ನೊಂದು ವಿಷಯ ಹೇಳಬೇಕು. ಹೋದ ಜುಲೈಯಲ್ಲಿ ನಂದಿಕೂರಿನ ವನಜಾಕ್ಷಿ ಎಂಬವಳು ಹುಡುಕಿಕೊಂಡು ಬಂದಳು. ಅವಳ ಗಂಡನೂ ಮೂರ್ತೆಯವನೇ. ಪರ್ಮಿಟ್ ಇಲ್ಲದೆ ಕಳ್ಳು ಇಳಿಸಿ, ಮಾರಿ, ಮತ್ತೆ ಮತ್ತೆ ಸಿಕ್ಕಿಬಿದ್ದು ಒಳಗೆ ಇದ್ದವನು. ಅದೇ ಫಾರಂ ಅವಳ ಕೈಯಲ್ಲಿತ್ತು. ‘ಅಕ್ಕ, ನೀವು ಚಂದ ಬರೀತೀರಂತೆ, ನನ್ನ ಗಂಡನ ಬಗ್ಗೆ ಒಳ್ಳೆಯದು ಬರೆದು ಕೊಡಿ. ಅವರಷ್ಟು ಚಂದ ಕತ್ತಿ ಹಿಡಿಯುವವರು ನಂದಿಕೂರಿನಲ್ಲಿ ಬೇರೆ ಇಲ್ಲ’ ಎಂದಳು.

ಫಾರಂ ತೆಗೆದುಕೊಂಡು ಬರೆದೆ. ‘ಈತನಿಗೆ ಯಾವ ಕೆಲಸವೂ ಬರುವುದಿಲ್ಲ. ಸೋಮಾರಿ. ಇಡೀ ದಿನ ಜಗಲಿಯಲ್ಲಿ ಮಲಗಿರುತ್ತಾನೆ. ಮನೆಯಲ್ಲಿ ತರಕಾರಿ ಹೆಚ್ಚಲು ಸಹ ಕತ್ತಿ ಇಲ್ಲ. ಹೆಂಡತಿಯೇ ದುಡಿದು ಸಾಕುತ್ತಾಳೆ.’ ಓದಿ ಹೇಳಿದಾಗ ಅವಳು ಸಿಟ್ಟಿನಿಂದ ಎದ್ದು ನಿಂತಳು. ‘ನನ್ನ ಗಂಡನ ಮರ್ಯಾದೆ ತೆಗೀತೀರಾ?’ ಎಂದಳು. ನಾನು ಅವಳನ್ನು ಹಿಡಿದು ಕೂರಿಸಿ ನಿನ್ನ ಎರಡು ಚೀಟಿಗಳನ್ನು ಓದಿ ಹೇಳಿದೆ. ಎರಡನೆಯದು ಮುಗಿಯುವ ಮೊದಲೇ ಅವಳು ಹೆಬ್ಬೆಟ್ಟು ಒತ್ತಿದಳು.

ಆಗಸ್ಟ್ ಹದಿನೇಳರ ಬಸ್ಸಿನಲ್ಲಿ ಅವನು ಬಂದ. ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ‘ಅಕ್ಕ, ನನ್ನನ್ನು ಸೋಮಾರಿ ಅಂತ ಬರೆದದ್ದು ನೀವೇ ಅಲ್ವಾ?’ ಎಂದು ನಗುತ್ತಾ ಕೇಳಿದ. ಸೊಂಟದಲ್ಲಿ ಕತ್ತಿ ಇತ್ತು. ನಾನೂ ನಕ್ಕೆ. ಬೆಲ್ಲ ನೀರು ತರುತ್ತೇನೆ ಎಂದು ಒಳಗೆ ಹೋಗಿ, ಬಾಯಿಗೆ ಸೆರಗು ಒತ್ತಿ ಹಿಡಿದು ಅತ್ತೆ. ನಿನ್ನನ್ನೂ ಸೋಮಾರಿ ಎಂದು ಬರೆದಿದ್ದರೆ ನೀನೂ ಹೀಗೇ ಬಂದು, ಹೀಗೇ ಕೂತು, ನನ್ನನ್ನು ತಮಾಷೆ ಮಾಡುತ್ತಿದ್ದೆ. ನನಗೆ ನೀನು ಬೇಕಿತ್ತು ಅಣ್ಣು, ನಿನ್ನ ಹೊಗಳಿಕೆ ಕಟ್ಟಿಕೊಂಡು ನನಗೆ ಎಂತ ಆಗಬೇಕಿತ್ತು.

ಆ ಮೇಲೆ ಇನ್ನೂ ನಾಲ್ಕು ಜನರಿಗೆ ಬರೆದು ಕೊಟ್ಟೆ. ನಾಲ್ವರೂ ಕೆಲಸಕ್ಕೆ ಬಾರದವರು.

ಇವತ್ತು ಶನಿವಾರ. ಬೆಳಿಗ್ಗೆ ನಿನ್ನ ಕತ್ತಿಯನ್ನು ಮಾಡಿನ ಹಂಚಿನ ಸಂದಿಯಿಂದ ತೆಗೆದೆ. ಯಾರಿಗಾದರೂ ಕೊಟ್ಟುಬಿಡು ಎಂದು ಮನೋರಮಾ ಹೇಳುತ್ತಾಳೆ, ಸಮುದ್ರಕ್ಕೆ ಹಾಕಿ ಎಂದು ರೇಮಂಡ್ ಹೇಳುತ್ತಾರೆ. ಎರಡೂ ನನ್ನಿಂದ ಆಗಲಿಲ್ಲ. ಎಣ್ಣೆ ಹಚ್ಚಿ ಮತ್ತೆ ಅಲ್ಲಿಯೇ ಇಟ್ಟೆ. ನೀನು ಹೇಳಿದ ಹಾಗೆ ಹಿಡಿಗೆ ತಾಗಿಸಲಿಲ್ಲ.

ನಿನ್ನ ಅಕ್ಕ
ಸುಗಂಧಿ